ಹೊಸ ಪಿಟೀಲು ಬಂದಿದೆ, ಕುದುರೆ ನಿಂತಿಲ್ಲ, ಕಮಾನು ಎಳೆದರೆ ಸದ್ದಿಲ್ಲ. ದಾವಣಗೆರೆಯಲ್ಲಿ ಯಾರಾದರೂ ದಾರಿ ಹೇಳಿ

ವಿದ್ಯಾನಗರದ ಅಪ್ಪ (ದಾವಣಗೆರೆ) · ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ಎರಡು ವರ್ಷದಿಂದ ಪಿಟೀಲು ಬೇಕು ಅಂತ ಕೇಳುತ್ತಿದ್ದಳು. ಈ ವಾರ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಯದ್ದೊಂದು ತರಿಸಿದೆ. ಪೆಟ್ಟಿಗೆ, ಕಮಾನು, ರಾಳದ ಬಿಲ್ಲೆ, ಭುಜಕ್ಕೆ ಇಡುವ ಒಂದು ಮೆತ್ತೆ, ಎಲ್ಲ ಒಟ್ಟಿಗೇ ಬಂತು.

ತೆಗೆದು ನೋಡಿದರೆ ತಂತಿಗಳು ಪೂರ್ತಿ ಸಡಿಲ. ತಂತಿಯ ಕೆಳಗೆ ನಿಲ್ಲಬೇಕಾದ ಮರದ ತುಂಡನ್ನು, ಅದೇ ಕುದುರೆಯನ್ನು, ಬೇರೆ ಕಾಗದದಲ್ಲಿ ಸುತ್ತಿ ಇಟ್ಟಿದ್ದಾರೆ. ಕಮಾನನ್ನು ತಂತಿಯ ಮೇಲೆ ಎಳೆದರೆ ಸದ್ದೇ ಇಲ್ಲ, ಗಾಜಿನ ಮೇಲೆ ಬಟ್ಟೆ ಎಳೆದ ಹಾಗೆ ಜಾರುತ್ತದೆ. ಮಗಳ ಮುಖ ನೋಡಲಾಗಲಿಲ್ಲ. ಬುಧವಾರದಿಂದ ಪಾಠ ಶುರು. ವಾಪಸ್ ಕಳಿಸಬೇಕಾ, ಅಥವಾ ಇದನ್ನೇ ಸರಿ ಮಾಡಬಹುದಾ?

ಪಿಟೀಲು ಟೀಚರ್ (ಪಿ.ಜೆ. ಬಡಾವಣೆ) · ಗುರುವಾರ ರಾತ್ರಿ

ಸರ್, ಗಾಬರಿ ಬೇಡ. ಕಡಿಮೆ ಬೆಲೆಯ ಪಿಟೀಲು ಬರುವುದೇ ಹೀಗೆ. ಅದು ಕೆಟ್ಟಿಲ್ಲ, ಅದನ್ನು ಇನ್ನೂ ಯಾರೂ ಕೂರಿಸಿಲ್ಲ ಅಷ್ಟೆ. ಕಾರ್ಖಾನೆಯಲ್ಲಿ ಅರ್ಧ ಕೆಲಸ ಮಾಡುತ್ತಾರೆ, ಉಳಿದರ್ಧ ಕೊಂಡವರ ಪಾಲಿಗೆ ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಕ್ಕಳು ತಮಗೇ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ತಂತಿ ಬಿಗಿ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಪಿಟೀಲನ್ನು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನಾದರೂ ಉರುಳುತ್ತದಾ? ಆಮೇಲೆ ಮೊಬೈಲ್ ಟಾರ್ಚನ್ನು ಸಣ್ಣ ತಂತಿಯ ಕಡೆ ಇರುವ, ಎಫ್ ಅಕ್ಷರದ ಆಕಾರದ ತೂತಿನೊಳಗೆ ಬಿಟ್ಟು ನೋಡಿ. ಒಂದು ಸಣ್ಣ ಮರದ ಕಂಬ ನೆಟ್ಟಗೆ ನಿಂತಿದೆಯಾ?

ವಿದ್ಯಾನಗರದ ಅಪ್ಪ · ಗುರುವಾರ ರಾತ್ರಿ

ಮೇಡಂ, ಒಳಗೆ ಉರುಳುತ್ತಿದೆ! ಪೆನ್ಸಿಲ್‌ಗಿಂತ ಸ್ವಲ್ಪ ಸಣ್ಣ ಕಡ್ಡಿ. ಪ್ಯಾಕಿಂಗ್ ಮಾಡುವಾಗ ಬಿದ್ದ ಚೂರು ಅಂದುಕೊಂಡು ಈಗಷ್ಟೇ ತೂತಿನಿಂದ ಹೊರಗೆ ತೆಗೆದೆ. ಕಸದ ಬುಟ್ಟಿಗೆ ಹಾಕುವುದರಲ್ಲಿದ್ದೆ.

ಪಿಟೀಲು ಟೀಚರ್ · ಗುರುವಾರ ರಾತ್ರಿ

ಬಿಸಾಡಬೇಡಿ ಸರ್! ಅದೇ ಸೌಂಡ್ ಪೋಸ್ಟ್, ನಾನು ಹೇಳಿದ ಕಂಬ. ಅದಿಲ್ಲದೆ ತಂತಿ ಬಿಗಿ ಮಾಡಲೇಬೇಡಿ, ಮೇಲಿನ ಹಲಗೆ ಕುಸಿಯಬಹುದು.

ದುರ್ಗದ ಬಡಗಿ (ಚಿತ್ರದುರ್ಗ) · ಶುಕ್ರವಾರ ಬೆಳಿಗ್ಗೆ

ಮೇಡಂ ಸರಿಯಾಗಿ ಹೇಳಿದರು. ನಾನು ಬಾಗಿಲು ಕಿಟಕಿ ಕೆಲಸದವನು. ಪಿಟೀಲು ಕೆಲಸ ಅಭ್ಯಾಸವಾದದ್ದು ತಂಗಿಯ ಮಗನ ಪಿಟೀಲಿನಿಂದ. ಆಮೇಲೆ ಸುತ್ತಮುತ್ತಲಿನವರದ್ದೂ ಏಳೆಂಟು ಮಾಡಿಕೊಟ್ಟಿದ್ದೇನೆ.

ಆ ಕಂಬಕ್ಕೆ ಅಂಟು ಹಾಕುವ ಹಾಗಿಲ್ಲ. ಮೇಲಿನ ಹಲಗೆ ಮತ್ತು ಹಿಂದಿನ ಹಲಗೆಯ ನಡುವೆ ಸುಮ್ನೆ ಬಿಗಿಯಾಗಿ ನಿಲ್ಲಬೇಕು. ತಂತಿಯ ಭಾರ ಕುದುರೆಯ ಮೇಲೆ, ಕುದುರೆಯ ಭಾರ ಮೇಲಿನ ಹಲಗೆಯ ಮೇಲೆ. ಸಣ್ಣ ತಂತಿಯ ಕಡೆ ಆ ಭಾರ ಹೊರುವುದು ಈ ಕಂಬ. ದಪ್ಪ ತಂತಿಯ ಕಡೆ ಹಲಗೆಯ ಒಳಗೆ ಉದ್ದಕ್ಕೆ ಒಂದು ಪಟ್ಟಿ ಅಂಟಿಸಿರುತ್ತಾರೆ, ಬೇಸ್ ಬಾರ್ ಅಂತ. ಭಾರ ಹೊರುವುದಷ್ಟೇ ಅಲ್ಲ, ಮೇಲಿನ ಹಲಗೆಯ ಅದುರನ್ನು ಹಿಂದಿನ ಹಲಗೆಗೆ ದಾಟಿಸುವುದೂ ಈ ಕಂಬವೇ. ಕಂಬ ಇಲ್ಲದ ಪಿಟೀಲು ಡಬ್ಬದ ಹಾಗೆ ಕೇಳುತ್ತದೆ.

ನಿಲ್ಲಿಸುವ ಜಾಗ ಕುದುರೆಯ ಕಾಲಿನ ನೇರ ಕೆಳಗಲ್ಲ. ಸಣ್ಣ ತಂತಿಯ ಕಡೆಯ ಕಾಲಿಗಿಂತ ಎರಡು ಮೂರು ಮಿಲಿಮೀಟರ್ ಹಿಂದೆ, ಅಂದರೆ ತಂತಿಗಳ ಹಿಂದಿನ ತುದಿ ಸಿಕ್ಕಿಸುವ ಪಟ್ಟಿಯ (ಟೈಲ್‌ಪೀಸ್) ಕಡೆಗೆ. ಕಂಬದ ಮರದ ಗೆರೆ ಮೇಲಿನ ಹಲಗೆಯ ಗೆರೆಗೆ ಅಡ್ಡ ಬರಬೇಕು. ಗೆರೆಗೆ ಗೆರೆ ಸಮ ಬಂದರೆ ಕಂಬದ ತುದಿ ಮೆತ್ತನೆಯ ಹಲಗೆಗೆ ಕಚ್ಚಿ ಗುಂಡಿ ಬೀಳಿಸುತ್ತದೆ.

ಸರ್, ಭಾನುವಾರ ಬಿಡುವಿದ್ದರೆ ಮಗಳನ್ನೂ ಕರೆದುಕೊಂಡು ದುರ್ಗಕ್ಕೆ ಬನ್ನಿ. ನನ್ನ ಹತ್ತಿರ ಕಂಬ ನಿಲ್ಲಿಸುವ ಎಸ್ ಆಕಾರದ ಕಬ್ಬಿಣ ಇದೆ. ದುಡ್ಡಿನ ಮಾತು ಬೇಡ.

ಹರಿಹರದ ಕಲಿಯುವವಳು · ಶುಕ್ರವಾರ ಮಧ್ಯಾಹ್ನ

ಅಣ್ಣ, ನಾನು ಮೂವತ್ತೆಂಟನೇ ವಯಸ್ಸಿಗೆ ಕಲಿಯೋಕೆ ಶುರು ಮಾಡಿದವಳು. ನನ್ನದೂ ಇಂಥದ್ದೇ ಪಿಟೀಲು. ನನಗಾದದ್ದು ನಿಮಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಪಿಟೀಲನ್ನು ಎದುರಿಗೆ ನಿಲ್ಲಿಸಿ ನೋಡಿದಾಗ ತಂತಿ ಬಿಗಿ ಮಾಡುವ ಬಿರಡೆಗಳು ಬಲಗಡೆ ಎರಡು, ಎಡಗಡೆ ಎರಡು. ಬಲಗಡೆ ಕೆಳಗಿನದ್ದು ಎಲ್ಲಕ್ಕಿಂತ ಸಣ್ಣ ತಂತಿಯದ್ದು, ಮೇಲಿನದ್ದು ಎರಡನೇ ತಂತಿಯದ್ದು. ಎಡಗಡೆ ಮೇಲಿನದ್ದು ಮೂರನೆಯದ್ದಕ್ಕೆ, ಕೆಳಗಿನದ್ದು ದಪ್ಪ ತಂತಿಗೆ. ನಾನು ಎರಡನೇ ತಂತಿಯನ್ನು ಮೀಟುತ್ತಾ ಸಣ್ಣ ತಂತಿಯ ಬಿರಡೆ ತಿರುಗಿಸುತ್ತಿದ್ದೆ. ಮೊಬೈಲ್‌ನ ಶ್ರುತಿ ಆಪ್‌ನಲ್ಲಿ ಮುಳ್ಳು ಅಲ್ಲಾಡುತ್ತಲೇ ಇಲ್ಲ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ತಿರುಗಿಸಿದೆ. ಸಣ್ಣ ತಂತಿ ಟಪ್ ಅಂತ ಹರಿದು ಕೆನ್ನೆಗೆ ಬಡಿಯಿತು. ಕಣ್ಣಿಗೆ ಬಿದ್ದಿದ್ದರೆ? ಮಗು ಪಕ್ಕದಲ್ಲಿ ಕೂತಿರುತ್ತದೆ, ಅಲ್ವಾ. ಬಿರಡೆ ತಿರುಗಿಸುವಾಗ ಮುಖ ದೂರ ಇರಲಿ. ಯಾವ ಬಿರಡೆ ತಿರುಗಿಸುತ್ತೀರೋ ಅದೇ ತಂತಿಯನ್ನು ಬೆರಳಲ್ಲಿ ಮೀಟುತ್ತಾ ಇರಿ. ಸ್ವರ ಬದಲಾಗಲಿಲ್ಲ ಅಂದರೆ ತಕ್ಷಣ ನಿಲ್ಲಿಸಿ.

ವಿದ್ಯಾನಗರದ ಅಪ್ಪ · ಭಾನುವಾರ ರಾತ್ರಿ

ದುರ್ಗಕ್ಕೆ ಹೋಗಿ ಬಂದೆವು. ನೋಡಿದ್ದನ್ನೆಲ್ಲ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಬಡಗಿ ಅಣ್ಣ ಪಿಟೀಲನ್ನು ಹಳೇ ಕಂಬಳಿಯ ಮೇಲೆ ಮಲಗಿಸಿದರು. ಎಸ್ ಕಬ್ಬಿಣದ ಚೂಪು ತುದಿಗೆ ಕಂಬವನ್ನು ಚುಚ್ಚಿ ಸಿಕ್ಕಿಸಿ, ಎಫ್ ತೂತಿನಿಂದ ಓರೆಯಾಗಿ ಒಳಗೆ ಬಿಟ್ಟರು. ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ ಒಂದು ಕೈಯಲ್ಲಿ. ಮಗಳು ಟಾರ್ಚ್ ಹಿಡಿದಳು. ಮೊದಲನೇ ಸಲ ಬಿತ್ತು. ಎರಡನೇ ಸಲ ನಿಂತಿತು, ಆದರೆ ಓರೆ. ನಾಲ್ಕನೇ ಸಲ ಒಳಗಿನಿಂದ ಟಕ್ ಅಂತ ಒಂದು ಸಣ್ಣ ಸದ್ದು ಬಂತು. ಅಣ್ಣ "ಕೂತಿತು" ಅಂದರು. ಆಮೇಲೆ ಕಬ್ಬಿಣದ ಇನ್ನೊಂದು ತುದಿಯಿಂದ ತಳವನ್ನು ಕೂದಲೆಳೆಯಷ್ಟು ತಳ್ಳಿ ನೆಟ್ಟಗೆ ಮಾಡಿದರು. ಹಿಂದಿನ ತುದಿಯಲ್ಲಿ ಟೈಲ್‌ಪೀಸ್ ಕಟ್ಟಿರುವ ಗುಂಡಿ ಇರುತ್ತದಲ್ಲ, ಅದನ್ನು ತೆಗೆದು ಆ ತೂತಿನಿಂದ ಮಗಳಿಗೆ ಒಳಗೆ ತೋರಿಸಿದರು. "ಅಪ್ಪ, ಒಳಗೆ ಒಂದು ಮನೆ ಇದ್ದ ಹಾಗಿದೆ, ನಡುವೆ ಒಂದೇ ಕಂಬ" ಅಂದಳು.

ಕುದುರೆಗೆ ಇನ್ನೂ ಜಾಸ್ತಿ ಹೊತ್ತು ಹಿಡಿಯಿತು. ಅದರ ಕಾಲುಗಳು ಚಪ್ಪಟೆ, ಪಿಟೀಲಿನ ಹೊಟ್ಟೆ, ಅಂದರೆ ಮೇಲಿನ ಹಲಗೆ, ಉಬ್ಬು. ನಡುವೆ ಬೆಳಕು ಕಾಣುತ್ತಿತ್ತು. ಹೊಟ್ಟೆಯ ಮೇಲೆ ಉಪ್ಪು ಕಾಗದವನ್ನು ಒರಟು ಮೇಲೆ ಮಾಡಿ ಹಾಸಿ, ಕುದುರೆಯನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿದರು. ಅರ್ಧ ಗಂಟೆ. ಕಾಲು ಹೊಟ್ಟೆಯ ಉಬ್ಬಿಗೆ ಸರಿಯಾಗಿ ಕಚ್ಚಿಕೊಂಡಿತು. ಎತ್ತರವೂ ಜಾಸ್ತಿ ಇತ್ತು. ಬೆರಳು ಒತ್ತುವ ಕಪ್ಪು ಪಟ್ಟಿಯ ತುದಿಯಲ್ಲಿ ಸ್ಕೇಲ್ ಇಟ್ಟು ಅಳೆದು, ಸಣ್ಣ ತಂತಿಯ ಕೆಳಗೆ ಮೂರೂವರೆ ಮಿಲಿಮೀಟರ್, ದಪ್ಪದ್ದರ ಕೆಳಗೆ ಐದೂವರೆ ಬರುವ ಹಾಗೆ ಕುದುರೆಯ ತಲೆ ಕೆತ್ತಿದರು. ಮುಂಚೆ ತಂತಿ ಒತ್ತಿದರೆ ಮಗಳ ಬೆರಳು ಕೆಂಪಾಗುತ್ತಿತ್ತು. ಈಗ ಸಲೀಸು.

ಊಟ ಅವರ ಮನೆಯಲ್ಲೇ. ಅಣ್ಣ, ಅತ್ತಿಗೆ, ನಿಮ್ಮ ಋಣ ಮರೆಯುವುದಿಲ್ಲ.

ಪಿಟೀಲು ಟೀಚರ್ · ಭಾನುವಾರ ರಾತ್ರಿ

ಓದಿ ತುಂಬಾ ಸಂತೋಷವಾಯಿತು. ಕುದುರೆಯ ಬಗ್ಗೆ ಇನ್ನು ಸ್ವಲ್ಪ.

ಎಫ್ ತೂತಿನ ಒಳಬದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಎರಡೂ ಕಡೆಯ ಕಚ್ಚುಗಳಿಗೆ ಒಂದು ಗೆರೆ ಎಳೆದರೆ ಕುದುರೆ ಅದರ ಮೇಲೆ ನಿಲ್ಲಬೇಕು. ತಗ್ಗಿರುವ ಕಡೆ ಸಣ್ಣ ತಂತಿಗೆ. ಕುದುರೆಯ ಹಿಂಬದಿ, ಟೈಲ್‌ಪೀಸ್ ನೋಡುವ ಮುಖ, ಹೊಟ್ಟೆಗೆ ನೆಟ್ಟಗೆ ಇರಬೇಕು. ತಂತಿ ಬಿಗಿ ಮಾಡುತ್ತಾ ಹೋದ ಹಾಗೆ ಅದರ ತಲೆ ಬಿರಡೆಗಳ ಕಡೆ ವಾಲುತ್ತದೆ. ನೋಡದೇ ಬಿಟ್ಟರೆ ಒಂದು ದಿನ ಧಡ್ ಅಂತ ಬೀಳುತ್ತದೆ, ಕಂಬವೂ ಜೊತೆಗೆ ಬೀಳಬಹುದು. ಹಾಗಾಗಿ ಪ್ರತಿ ಸಲ ಶ್ರುತಿ ಮಾಡಿದ ಮೇಲೆ ಪಕ್ಕದಿಂದ ನೋಡಿ. ವಾಲಿದ್ದರೆ ಪಿಟೀಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಕುದುರೆಯ ತಲೆ ಹಿಡಿದು ಮೆಲ್ಲಗೆ ಹಿಂದಕ್ಕೆ ತನ್ನಿ. ತಂತಿ ಕೂರುವ ಕಚ್ಚುಗಳಿಗೆ ಪೆನ್ಸಿಲ್ ಸೀಸ ಉಜ್ಜಿದರೆ ತಂತಿ ಜಾರುತ್ತದೆ, ಕುದುರೆಯನ್ನು ಎಳೆಯುವುದಿಲ್ಲ.

ಕಮಾನಿಗೆ ಸದ್ದು ಬರದಿದ್ದದ್ದು ರಾಳ ಇಲ್ಲದ್ದಕ್ಕೆ. ಹೊಸ ಬಿಲ್ಲೆ ಗಾಜಿನ ಹಾಗೆ ನುಣುಪು, ಕಮಾನಿನ ಕೂದಲಿಗೆ ಹತ್ತುವುದಿಲ್ಲ. ಉಳಿದ ಉಪ್ಪು ಕಾಗದದಲ್ಲಿ ಬಿಲ್ಲೆಯನ್ನು ಕೆರೆದು, ಪುಡಿ ಏಳುವ ಹಾಗಾದ ಮೇಲೆ ಕಮಾನನ್ನು ಅದರ ಮೇಲೆ ಎಳೆಯಿರಿ. ಹೊಸ ಕಮಾನಿಗೆ ನಲವತ್ತು ಐವತ್ತು ಸಲ ಬೇಕಾಗುತ್ತದೆ. ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ಸಾಕು. ಕಮಾನಿನ ನಡುವೆ ಕೋಲಿಗೂ ಕೂದಲಿಗೂ ಒಂದು ಪೆನ್ಸಿಲ್ ತೂರುವಷ್ಟು ಜಾಗ ಬರುವ ತನಕ ತಿರುಪು ಬಿಗಿ ಮಾಡಿ. ಅಭ್ಯಾಸ ಮುಗಿದ ಮೇಲೆ ಸಡಿಲ ಮಾಡಲೇಬೇಕು.

ಕೂದಲನ್ನು ಕೈಯಲ್ಲಿ ಮುಟ್ಟಬಾರದು, ಜಿಡ್ಡು ಹತ್ತಿದ ಕಡೆ ಸದ್ದು ಬರುವುದಿಲ್ಲ. ನಮ್ಮ ಕರ್ನಾಟಕ ಸಂಗೀತದಲ್ಲಿ ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸಿ ಅಲುಗಿಸಿ ನುಡಿಸುವುದಕ್ಕೆ, ಬೆರಳು ಜಾರಲಿ ಅಂತ ಎಡಗೈ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದುಂಟು. ಆ ಕೈ ಕಮಾನಿನ ಹತ್ತಿರ ಹೋಗದಿರಲಿ.

ಭುಜದ ಮೆತ್ತೆ ಎತ್ತಿಡಿ. ಅದು ಪಾಶ್ಚಾತ್ಯ ಶೈಲಿಯಲ್ಲಿ ನುಡಿಸುವವರಿಗೆ. ನಾವು ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ, ಬುಡವನ್ನು ಎಡಭುಜಕ್ಕೆ ಆನಿಸುತ್ತೇವೆ. ಪಿಟೀಲು ಅಲ್ಲಾಡದೆ ನಿಂತರೆ ಕೈ ಬಿಡುವಾಗುತ್ತದೆ. ಗಮಕ ಬರುವುದು ಆಗಲೇ.

ವಿದ್ಯಾನಗರದ ಅಪ್ಪ · ಸೋಮವಾರ ರಾತ್ರಿ

ರಾಳ ಹಾಕಿದೆವು. ಸದ್ದು ಬಂತು! ಮನೆಯವರೆಲ್ಲ ಹಾಲ್‌ಗೆ ಓಡಿ ಬಂದರು.

ಶ್ರುತಿ ಮಾತ್ರ ಸರಿಹೋಗುತ್ತಿಲ್ಲ. ಮಗಳಿಗೆ ಪಾಠ ಹೇಳುವ ಮೇಷ್ಟ್ರು ಫೋನಲ್ಲಿ "ಕಪ್ಪು ನಾಲ್ಕಕ್ಕೆ ಇಡಿ" ಅಂದರು. ಶ್ರುತಿ ಪೆಟ್ಟಿಗೆಯ ಆಪ್‌ನಲ್ಲಿ ನಾಲ್ಕು ಮನೆ ಅಂತ ಇತ್ತು, ಅದಕ್ಕೆ ಇಟ್ಟೆ. ತಂತಿಗಳು ಜೋಲು ಜೋಲಾಗಿವೆ. ಸದ್ದು ಮಂಕು. ಮೇಷ್ಟ್ರು ಕಳಿಸಿದ ರೆಕಾರ್ಡಿಂಗ್‌ಗೆ ಕೂಡುತ್ತಲೇ ಇಲ್ಲ. ತಂತಿಯೇ ಸರಿ ಇಲ್ಲವಾ?

ಹಾರ್ಮೋನಿಯಂ ತಾತ (ದಾವಣಗೆರೆ) · ಮಂಗಳವಾರ ಬೆಳಗಿನ ಜಾವ

ಮಗಾ, ತಂತಿಯ ತಪ್ಪಲ್ಲ, ಲೆಕ್ಕದ ತಪ್ಪು. ನಾನು ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸಿದವನು. ನಮ್ಮೂರಲ್ಲಿ ಎರಡೂ ಲೆಕ್ಕ ನಡೆಯುತ್ತದೆ. ಮೈಸೂರು ಕಡೆಯ ಮೇಷ್ಟ್ರುಗಳು ಮನೆ ಅನ್ನುತ್ತಾರೆ. ಗದುಗಿನ ಪುಣ್ಯಾಶ್ರಮದ ಕಡೆ ಕಲಿತವರು, ನಾಟಕದವರು, ಬಿಳಿ ಕಪ್ಪು ಅನ್ನುತ್ತಾರೆ. ನಾವು ಎರಡರ ನಡುವಿನ ಊರಿನವರು.

ಮನೆಯ ಲೆಕ್ಕದಲ್ಲಿ ಹಾರ್ಮೋನಿಯಂನ ಬಿಳಿ ಕಟ್ಟೆಗಳೇ (ಬೆರಳು ಒತ್ತುವ ಕೀಗಳು) ಒಂದು, ಎರಡು, ಮೂರು. ಕಪ್ಪು ಕಟ್ಟೆ ಬಂದರೆ ಅರ್ಧ ಸೇರುತ್ತದೆ: ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ. ಮೂರೂವರೆ ಅಂತ ಇಲ್ಲ, ಅಲ್ಲಿ ಕಪ್ಪು ಕಟ್ಟೆಯೇ ಇಲ್ಲ. ಪೆಟ್ಟಿಗೆಯವರ ಲೆಕ್ಕದಲ್ಲಿ ಕಪ್ಪು ಕಟ್ಟೆಗಳನ್ನೇ ಬೇರೆ ಎಣಿಸುತ್ತೇವೆ. ಕಪ್ಪು ನಾಲ್ಕು ಅಂದರೆ ನಾಲ್ಕನೇ ಕಪ್ಪು ಕಟ್ಟೆ. ಅದು ಐದೂವರೆ ಮನೆ, ಇಂಗ್ಲಿಷಿನಲ್ಲಿ ಜಿ ಶಾರ್ಪ್. ನೀನು ಇಟ್ಟದ್ದು ನಾಲ್ಕು ಮನೆ, ಅದು ಎಫ್. ಒಂದೂವರೆ ಸ್ವರ ಕೆಳಗೆ ಇಟ್ಟಿದ್ದೀಯ. ತಂತಿ ಜೋಲು ಬೀಳದೆ ಏನು ಮಾಡುತ್ತದೆ?

ಮಗುವಿಗೆ ನನ್ನ ಆಶೀರ್ವಾದ ಹೇಳು. ಚೌಡಯ್ಯನವರ ಪಿಟೀಲನ್ನು ನಾನು ಚಿಕ್ಕವನಿದ್ದಾಗ ರೇಡಿಯೋದಲ್ಲಿ ಕೇಳಿದ್ದೇನೆ. ಮೈಕ್ ಇಲ್ಲದ ಸಭೆಯಲ್ಲೂ ಹಿಂದಿನ ಸಾಲಿಗೆ ಕೇಳಲಿ ಅಂತ ಅವರು ಏಳು ತಂತಿ ಕಟ್ಟಿಕೊಂಡಿದ್ದರು. ನಿನ್ನ ಮಗಳಿಗೆ ನಾಲ್ಕು ಸಾಕು, ನಾಲ್ಕೂ ಶ್ರುತಿಯಲ್ಲಿರಲಿ.

ಪಿಟೀಲು ಟೀಚರ್ · ಮಂಗಳವಾರ ಬೆಳಿಗ್ಗೆ

ತಾತ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಹತ್ತಿರ ಬರುವ ಹೊಸ ಮಕ್ಕಳಲ್ಲೂ ಈ ಗೊಂದಲ ಇದ್ದೇ ಇರುತ್ತದೆ.

ಸರ್, ನನ್ನ ಸಲಹೆ. ಮೊದಲ ನಾಲ್ಕು ದಿನ ಐದು ಮನೆಗೆ, ಅಂದರೆ ಜಿಗೆ ಇಡಿ. ಕುದುರೆ, ಕಂಬ, ಹೊಸ ತಂತಿ ಎಲ್ಲ ಹೊಂದಿಕೊಳ್ಳಲಿ. ಆಮೇಲೆ ಅರ್ಧ ಮನೆ ಏರಿಸಿ. ಮೇಷ್ಟ್ರಿಗೆ ಒಂದು ಮಾತು ತಿಳಿಸಿ, ಅವರು ಬೇಡ ಅನ್ನಲಾರರು.

ಐದು ಮನೆ ಸುಲಭ. ಪಾಶ್ಚಾತ್ಯರು ದಪ್ಪ ತಂತಿಯಿಂದ ಜಿ, ಡಿ, ಎ, ಇ ಅಂತ ಇಡುತ್ತಾರೆ. ನಮಗೆ ಬೇಕಾದದ್ದು ಸ, ಪ, ಸ, ಪ. ದಪ್ಪ ತಂತಿಗಳೆರಡೂ ಜಿ, ಡಿಯಲ್ಲೇ ಇರಲಿ. ಎ ತಂತಿಯನ್ನು ಜಿಗೆ ಇಳಿಸಿ. ಇ ತಂತಿಯನ್ನು ಡಿಗೆ ಇಳಿಸಿ. ಅಷ್ಟೆ. ಆಪ್‌ನಲ್ಲಿ ಹರ್ಟ್ಜ್ ತೋರಿಸಿದರೆ ದಪ್ಪದ್ದರಿಂದ 196, 294, 392, 587ರ ಆಸುಪಾಸು ಬರಬೇಕು. ಬರೀ ಅಕ್ಷರ ನೋಡಬೇಡಿ. ಮೇಲಿನ ಸ್ಥಾಯಿಯ ಡಿಗೂ ಕೆಳಗಿನ ಡಿಗೂ ಆಪ್‌ ಒಂದೇ ಅಕ್ಷರ ತೋರಿಸಬಹುದು.

ಬಿರಡೆ ತಿರುಗಿಸುವಾಗ ಒಳಗೆ ಒತ್ತುತ್ತಾ ತಿರುಗಿಸಿ. ಅದು ಬೆಣೆಯ ಹಾಗೆ, ಒತ್ತಿದರೆ ಮಾತ್ರ ಹಿಡಿಯುತ್ತದೆ. ಸ್ವರ ಹತ್ತಿರ ಬಂದ ಮೇಲೆ ಟೈಲ್‌ಪೀಸಿನ ಸಣ್ಣ ತಿರುಪುಗಳನ್ನು ಬಳಸಿ. ಅವು ನಡುಮಟ್ಟದಲ್ಲಿರಲಿ. ಪೂರ್ತಿ ಬಿಗಿ ಮಾಡಿದರೆ ಅದರ ಕೆಳಗಿನ ಕೊಕ್ಕೆ ಹೊಟ್ಟೆಯನ್ನು ಗೀರುತ್ತದೆ. ನಾಲ್ಕನೇ ತಂತಿ ಮುಗಿಸುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ. ಒಂದರ ಬಿಗಿ ಉಳಿದದ್ದಕ್ಕೆಲ್ಲ ತಗಲುತ್ತದೆ. ಮೂರ್ನಾಲ್ಕು ಸುತ್ತು ಬೇಕು. ಹೊಸ ತಂತಿ ಒಂದು ವಾರ ಹಿಗ್ಗುತ್ತಲೇ ಇರುತ್ತದೆ.

ಕೊನೆಗೆ ಆಪ್ ಪಕ್ಕಕ್ಕಿಡಿ. ತಂಬೂರಿ ಹಾಕಿಕೊಂಡು, ಸಣ್ಣದರಿಂದ ಎಣಿಸಿ ಎರಡನೇ ತಂತಿಯ ಸ ಸರಿ ಮಾಡಿ. ಮೊದಲನೇ, ಎರಡನೇ ತಂತಿಗಳ ಮೇಲೆ ಒಟ್ಟಿಗೇ ಕಮಾನು ಎಳೆಯಿರಿ. ಸ, ಪ ಕೂಡದೇ ಇದ್ದರೆ ಸದ್ದಿನಲ್ಲಿ ಒಂದು ಅಲೆ ಕೇಳುತ್ತದೆ, ವಾಂವ್ ವಾಂವ್ ಅಂತ. ಪಂಚಮ, ಅಂದರೆ ಪ, ಹತ್ತಿರ ಬಂದ ಹಾಗೆ ಅಲೆ ನಿಧಾನವಾಗುತ್ತದೆ. ಕೂಡಿದಾಗ ಅಲೆ ನಿಂತುಹೋಗುತ್ತದೆ. ಎರಡು ತಂತಿ ಒಂದಾದ ಹಾಗೆ, ಪಿಟೀಲಿನ ಮೈಯೆಲ್ಲ ಅದುರಿದ್ದು ಭುಜಕ್ಕೆ ಗೊತ್ತಾಗುತ್ತದೆ. ಆಗ ಆಪ್ ನೋಡಿದರೆ ಮುಳ್ಳು ಕೂದಲೆಳೆಯಷ್ಟು ಬಲಕ್ಕಿರುತ್ತದೆ. ಸ 392 ಇದ್ದರೆ ಅದರ ಒಂದೂವರೆಪಟ್ಟು 588. ಶುದ್ಧ ಪಂಚಮ ಅದೇ. ಆಪ್ ಪಿಯಾನೋದ ಲೆಕ್ಕದಲ್ಲಿ 587.3 ಅನ್ನುತ್ತದೆ. ಕಿವಿಯನ್ನೇ ನಂಬಿ. ಮಗಳಿಗೂ ಮೊದಲ ದಿನದಿಂದಲೇ ಈ ಅಲೆ ಕೇಳಿಸಿ, ಅವಳಿಗೆ ನಿಮಗಿಂತ ಬೇಗ ಗೊತ್ತಾಗುತ್ತದೆ.

ಹರಿಹರದ ಕಲಿಯುವವಳು · ಮಂಗಳವಾರ ಮಧ್ಯಾಹ್ನ

ಮೇಡಂ, ಆ ಅಲೆ ನಾನು ಇವತ್ತೇ ಮೊದಲ ಸಲ ಗಮನ ಕೊಟ್ಟು ಕೇಳಿದೆ. ಎರಡು ವರ್ಷ ಆಪ್ ನೋಡಿಕೊಂಡೇ ಕಳೆದಿದ್ದೆ. ತುಂಬಾ ಥ್ಯಾಂಕ್ಸ್.

ಒಂದು ಪ್ರಶ್ನೆ. ಪೆಟ್ಟಿಗೆ ಜೊತೆ ಬಂದ ತಂತಿಯನ್ನು ಬದಲಾಯಿಸಬೇಕಾ?

ಪಿಟೀಲು ಟೀಚರ್ · ಮಂಗಳವಾರ ಸಂಜೆ

ಮೊದಲು ಕುದುರೆ, ಕಂಬ, ಬಿರಡೆ. ತಂತಿ ಆಮೇಲೆ. ಕೂರಿಸದ ಪಿಟೀಲಿಗೆ ಎಷ್ಟು ಒಳ್ಳೆಯ ತಂತಿ ಹಾಕಿದರೂ ದುಡ್ಡು ದಂಡ. ಎರಡು ಮೂರು ತಿಂಗಳಾದ ಮೇಲೆ ಡಿ'ಅಡಾರಿಯೋ ಪ್ರಿಲ್ಯೂಡ್ ಥರದ ಸ್ಟೀಲ್ ತಂತಿ ಹಾಕಿ, ಕಲಿಯುವವರಿಗೆ ಅದು ಸಾಕು. ಡಾಮಿನೆಂಟ್ ಅನ್ನುವ ತಂತಿ ಇನ್ನೂ ಮೃದು, ಆದರೆ ಬೆಲೆ ಜಾಸ್ತಿ, ಈಗಲೇ ಬೇಡ. ಹಾಕುವಾಗ ಒಂದೊಂದೇ ಬಿಚ್ಚಿ, ಒಂದೊಂದೇ ಕಟ್ಟಿ. ನಾಲ್ಕೂ ಒಟ್ಟಿಗೆ ಬಿಚ್ಚಿದರೆ ಕುದುರೆ ಬೀಳುತ್ತದೆ, ಕಂಬವೂ ಮತ್ತೆ ಬೀಳಬಹುದು.

ವಿದ್ಯಾನಗರದ ಅಪ್ಪ · ಗುರುವಾರ ಬೆಳಿಗ್ಗೆ

ನಿನ್ನೆ ಪಾಠ ಆಯಿತು. ಮೇಷ್ಟ್ರು ಪಿಟೀಲನ್ನು ಕೈಯಲ್ಲಿ ತೆಗೆದುಕೊಂಡು, ಕುದುರೆ ನೋಡಿ, "ಯಾರು ಕೂರಿಸಿದ್ದು?" ಅಂತ ಕೇಳಿದರು. ಮಗಳು "ದುರ್ಗದ ದೊಡ್ಡಪ್ಪ" ಅಂದಳು. ಐದು ಮನೆಗೇ ಪಾಠ ಮಾಡಿದರು. ಇಡೀ ಒಂದು ಗಂಟೆ ಬರೀ ಸ, ಪ, ಸ, ಪ, ಉದ್ದುದ್ದ ಕಮಾನು. ಅವಳಿಗೆ ಬೇಜಾರೇ ಆಗಲಿಲ್ಲ. ಮನೆಗೆ ಬಂದ ಮೇಲೂ ಅಲೆ ನಿಲ್ಲಿಸುವ ಆಟ ಆಡುತ್ತಿದ್ದಳು.

ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಎರಡನೇ ತಂತಿಯ ಬಿರಡೆ ತಾನಾಗೇ ಸುತ್ತು ಬಿಚ್ಚಿಕೊಂಡಿದೆ. ಕುದುರೆ ನಿಂತೇ ಇದೆ. ಏನು ಮಾಡಲಿ?

ದುರ್ಗದ ಬಡಗಿ · ಗುರುವಾರ ಬೆಳಿಗ್ಗೆ

ಬೇಸಿಗೆ ಗಾಳಿಗೆ ಮರ ಒಣಗಿ ಬಿರಡೆ ಸಣ್ಣಗಾಗಿದೆ. ಮಳೆಗಾಲದಲ್ಲಿ ಇದೇ ಬಿರಡೆ ಊದಿಕೊಂಡು ತಿರುಗುವುದೇ ಇಲ್ಲ, ಆಗ ಬಲ ಹಾಕಬೇಡಿ.

ಈಗ ಆ ಒಂದು ಬಿರಡೆ ಮಾತ್ರ ಹೊರಗೆ ತೆಗೆಯಿರಿ. ಮಗಳ ಸೀಮೆಸುಣ್ಣ ತೆಗೆದುಕೊಂಡು, ಬಿರಡೆ ತೂತಿಗೆ ತಾಗುವ ಎರಡು ಕಡೆ, ಹೊಳಪು ಹತ್ತಿರುವ ಜಾಗಕ್ಕೆ ಉಜ್ಜಿ. ಅದರ ಮೇಲೆ ಒಣ ಸೋಪನ್ನು ಒಂದೇ ಒಂದು ಸಲ ಎಳೆಯಿರಿ. ಸುಣ್ಣ ಹಿಡಿಯಲು, ಸೋಪು ತಿರುಗಲು. ವಾಪಸ್ ಹಾಕಿ, ತಂತಿ ಇಲ್ಲದೆ ನಾಲ್ಕು ಸುತ್ತು ತಿರುಗಿಸಿ ನೋಡಿ. ಆಮೇಲೆ ತಂತಿ ಸುತ್ತುವಾಗ, ಕೊನೆಯ ಸುತ್ತು ಬಿರಡೆಯ ಹಿಡಿಯ ಕಡೆಯ ಗೋಡೆಗೆ ಒರಗುವ ಹಾಗೆ ಬರಲಿ. ಆಗ ತಂತಿಯೇ ಬಿರಡೆಯನ್ನು ಒಳಗೆ ಎಳೆದು ಹಿಡಿಯುತ್ತದೆ. ಗೋಡೆಗೆ ತೀರಾ ಒತ್ತಿ ಸುತ್ತಬೇಡಿ, ಮರ ಸೀಳುತ್ತದೆ.

ಪೆಟ್ಟಿಗೆಯನ್ನು ಕಿಟಕಿ ಪಕ್ಕ ಬಿಸಿಲಿಗೆ ಇಡಬೇಡಿ, ನಿಂತ ಕಾರಿನಲ್ಲಂತೂ ಬೇಡವೇ ಬೇಡ. ಅಂಟು ಬಿಡುತ್ತದೆ.

ವಿದ್ಯಾನಗರದ ಅಪ್ಪ · ಗುರುವಾರ ಸಂಜೆ

ಸೀಮೆಸುಣ್ಣ ಹಿಡಿಯಿತು ಅಣ್ಣ. ಸಂಜೆ ಸ್ಕೂಲಿಂದ ಬಂದವಳು ತಾನೇ ಬಿರಡೆ ಒತ್ತಿ ತಿರುಗಿಸಿದಳು, ನಾನು ಮುಟ್ಟಲಿಲ್ಲ. ಪಂಚಮ ಕೂಡುವ ತನಕ ಕಣ್ಣು ಮುಚ್ಚಿಕೊಂಡೇ ಇದ್ದಳು.